ಐವತ್ತು ಮೀಟರಿನ ಒಳಗೆ

ಬಾಗಿಲು ತೆರೆದೇ ಇದೆ ಅಂದರು.
ಇತ್ತು ಕೂಡ.
ಬೀಗವಿಲ್ಲ, ಕಾವಲಿಲ್ಲ, ಕಾಸು ಕೇಳುವವರಿಲ್ಲ.
ಒಳಗೆ ಕಾಲಿಟ್ಟರೆ
ನೆಲವಿರಲಿಲ್ಲ, ಅಷ್ಟೆ.

ಬ್ಯಾಟ್ಲಿಯ ಲೈಬ್ರರಿಯಲ್ಲಿ ಬುಧವಾರ ಮಧ್ಯಾಹ್ನ
ಕಂಪ್ಯೂಟರ್ ಮೇಜಿನ ಹತ್ತಿರ ನನ್ನ ಸರದಿ.
ಬೆರಿಲ್ ಓಲ್ಡ್‌ರಾಯ್ಡ್ ಬಂದರು,
ಹಳದಿ ಕೋಟು ಬಿಚ್ಚದೆಯೇ ಕುಳಿತರು.
ಇಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತೇವೆ;
ನನ್ನ ಮನಸ್ಸು ಮಾತ್ರ ಬಹುವಚನ ಬಿಡದು.

ಹತ್ತೊಂಬತ್ತು ವರ್ಷದಿಂದ ಟೆಂಟರ್ ಲೇನಿನ ತಿರುವಿನಲ್ಲಿ
ಕೋಲಿನ ತುದಿಯ ದುಂಡು ಫಲಕ ಎತ್ತಿ
ಲಾರಿ ನಿಲ್ಲಿಸಿ, ಶಾಲೆಯ ಮಕ್ಕಳನ್ನು ದಾಟಿಸುವ ಕೆಲಸ.
ಈಗ ಕೌನ್ಸಿಲ್ಲಿನವರು ಬರೆದಿದ್ದಾರೆ:
ಆ ತಿರುವಿಗೆ ನೀವು ಬೇಕೆನ್ನಲು ಪುರಾವೆ ಏನು?
ಅಂಕಿಅಂಶವೆಲ್ಲ ಸಾರ್ವಜನಿಕ. ನೋಡಿಕೊಳ್ಳಿ.

ನೋಡಿಕೊಂಡೆವು.
ವರ್ಷಕ್ಕೊಂದು ಕಡತ, ಕಡತಕ್ಕೆ ಲಕ್ಷ ಸಾಲು;
ಲೈಬ್ರರಿಯ ಮುದಿ ಯಂತ್ರ ಅರ್ಧ ನುಂಗಿ
ಬಿಕ್ಕಳಿಸಿ ಮಲಗಿತು.
ಎಬ್ಬಿಸಿದರೆ, ಟೆಂಟರ್ ಲೇನ್ ಎಂಬ ಹೆಸರೇ ಇಲ್ಲ,
ಬೀದಿಯೆಂದರೆ ಪೂರ್ವಕ್ಕಿಷ್ಟು ಉತ್ತರಕ್ಕಿಷ್ಟು
ಎಂಬ ಆರಂಕಿಯ ಜೋಡಿ.
ಮಳೆಗೆ ಎರಡು, ಮಂಜಿಗೆ ಏಳು,
ಸಾವಿಗೆ ಒಂದು.
ಗೊತ್ತಿಲ್ಲ ಎಂಬುದಕ್ಕೆ ಋಣ ಒಂದು.
ಗೊತ್ತಿಲ್ಲದ್ದನ್ನು ಋಣವೆಂದು ಬರೆದವರು
ಯಾರೋ ಬಲ್ಲವರೇ ಇರಬೇಕು.

ಅರ್ಥ ಹೇಳುವ ಕೈಪಿಡಿ ಬೇರೆ ಪುಟದಲ್ಲಿ.
ಆ ಪುಟ ಹೋದ ವರ್ಷ ಮನೆ ಬದಲಿಸಿದೆ,
ಹೊಸ ವಿಳಾಸ ಕೊಟ್ಟುಹೋಗಿಲ್ಲ.
ಹಳೆಯ ಪ್ರತಿಯೊಂದನ್ನು ಎಲ್ಲೆಲ್ಲೋ ತಡಕಿ ತಂದೆ.

ಬೆರಿಲ್ ಅಂದರು: ನನ್ನಜ್ಜಿ ಇದೇ ಊರಿನ ಗಿರಣಿಯಲ್ಲಿ
ಹಳೇ ಉಣ್ಣೆಯ ಚಿಂದಿ ವಿಂಗಡಿಸುತ್ತಿದ್ದಳು.
ಗುಂಡಿ ಕಿತ್ತು, ಹೊಲಿಗೆ ಬಿಚ್ಚಿ, ಬಣ್ಣಕ್ಕೆ ಬಣ್ಣ ಸೇರಿಸಿ.
ಸತ್ತವರ ಅಂಗಿಯಿಂದ ಸಿಪಾಯಿಗೆ ಕೋಟು
ನೇಯ್ದುಕೊಟ್ಟ ಊರು ಕಣಮ್ಮ ಇದು,
ಇಷ್ಟಕ್ಕೆಲ್ಲ ಹೆದರೀತೇ?

ನಾಲ್ಕು ಬುಧವಾರ.
ಗುಂಡಿ ಕಿತ್ತೆವು. ಹೊಲಿಗೆ ಬಿಚ್ಚಿದೆವು.
ಅವರ ನೋಟುಬುಕ್ಕಿನಲ್ಲಿ, ಹಾಲಿನ ಲೆಕ್ಕದ ಹಿಂಬದಿಗೆ,
ಪೆನ್ಸಿಲಿನ ಮೂವತ್ತೊಂದು ಗೀಟು:
ಕೂದಲೆಳೆಯಲ್ಲಿ ತಪ್ಪಿದವು.
ತಪ್ಪಿದ್ದಕ್ಕೆ ಸರ್ಕಾರದಲ್ಲಿ ಕಾಲಮ್ಮಿಲ್ಲ.

ಕೊನೆಗೆ ಒಂದೇ ಒಂದು ಸಾಲು ಸಿಕ್ಕಿತು.
ಮಾರ್ಚ್, ಮಂಗಳವಾರ, ಎಂಟು ನಲವತ್ತೆರಡು.
ಒಣ ರಸ್ತೆ. ಹಗಲು ಬೆಳಕು. ವ್ಯಾನು.
ಗಾಯ: ಅಲ್ಪ. ವಯಸ್ಸು: ಆರರಿಂದ ಹತ್ತು.

ಹುಮೈರಾ, ಅಂದರು ಬೆರಿಲ್. ಏಳು ತುಂಬಿತ್ತು.
ನಾನು ಕೋಲು ಎತ್ತಿಯೇ ಇದ್ದೆ, ಅವನು ನಿಲ್ಲಿಸಲಿಲ್ಲ.
ಒಂದು ಬೂಟು ಬೇಲಿಯಾಚೆ ಹಾರಿತ್ತು. ನಾನೇ ಹೋಗಿ ತಂದೆ.
ಆಂಬುಲೆನ್ಸ್ ಬರುವ ತನಕ
ಅದನ್ನು ಎದೆಗವಚಿಕೊಂಡೇ ಇದ್ದಳು.

ನಾನು ಮುಂದಿನ ಮನೆಗೆ ಬೆರಳು ಸರಿಸಿದೆ.
ದಾಟಿಸುವವರು: ಸೊನ್ನೆ.

ಸೊನ್ನೆ ಅಂದರೆ?

ಗೊತ್ತಿತ್ತು. ಆದರೂ ಕೈಪಿಡಿಯಲ್ಲಿ ಹುಡುಕುವಂತೆ ಮಾಡಿ
ಸ್ವಲ್ಪ ಹೊತ್ತು ಕಳೆದೆ.
ಐವತ್ತು ಮೀಟರಿನ ಒಳಗೆ ಯಾರೂ ಇಲ್ಲ.

ಬೆರಿಲ್ ಕನ್ನಡಕ ತೆಗೆದು
ಹಳದಿ ಕೋಟಿನ ಅಂಚಿಗೆ ಒರೆಸಿ ಮತ್ತೆ ಹಾಕಿಕೊಂಡರು.
ಸೊನ್ನೆ ಹಾಗೇ ಇತ್ತು.

ತಿದ್ದಬಹುದೇ ಎಂದು ಬರೆದೆವು.
ಇಲಾಖೆ, ಪೊಲೀಸರನ್ನು ಕೇಳಿ ಎಂದಿತು;
ಪೊಲೀಸರು, ಇಲಾಖೆಯನ್ನು.
ಇಬ್ಬರೂ ಬಹಳ ವಿನಯವಂತರು.

ಗುರುವಾರ ಬೆಳಿಗ್ಗೆ ಆ ತಿರುವಿಗೆ ಹೋದೆ.
ಎತ್ತಿದ ಕೋಲು, ಗುರುಗುಟ್ಟುತ್ತ ನಿಂತ ಲಾರಿ,
ಅದರ ಮೂಗಿನಡಿ ಊಟದ ಡಬ್ಬಿ ಕುಲುಕಿಸುತ್ತ ಸಾಗುವ ಮಕ್ಕಳು.
ಎಲ್ಲ ದಾಟಿದ ಮೇಲೆ,
ಹುಮೈರಾ ಬಿದ್ದ ಜಾಗದಿಂದ ಬೆರಿಲ್ ನಿಲ್ಲುವ ಕಲ್ಲಿನವರೆಗೆ
ಹೆಜ್ಜೆಯಲ್ಲಿ ಅಳೆದೆ.

ನಾಲ್ಕು.
ಅಂದು ಸೀರೆಯುಟ್ಟಿದ್ದೆ, ನನ್ನವು ಚಿಕ್ಕ ಹೆಜ್ಜೆ.
ಬೆರಿಲ್ ಅಳೆದಿದ್ದರೆ
ಮೂರೇ.